ಡೈರೆಕ್ಟರ್ ಸಾಹೇಬ್ರೇ, ನಿಮ್ಮ ಸಂಬಳ ಎಷ್ಟು?

ಪೀಣ್ಯದಲ್ಲಿ ಸಿಎನ್‌ಸಿ ಮಷಿನ್ ಇಟ್ಟುಕೊಂಡು ಬಿಡಿಭಾಗ ಮಾಡಿಕೊಡುವ ನನ್ನ ಕಾಲೇಜು ಗೆಳೆಯನೊಬ್ಬ ಮನೆ ಸಾಲ ಕೇಳೋಕೆ ಬ್ಯಾಂಕಿಗೆ ಹೋಗಿದ್ದ. ‘ನಿಮ್ಮ ಸಂಬಳ ಎಷ್ಟು ಸರ್?’ ಅಂತ ಕೇಳಿದ್ರಂತೆ. ಇವನ ಹತ್ತಿರ ಉತ್ತರ ಇರಲಿಲ್ಲ. ಎಂಟು ಜನ ಹುಡುಗರಿಗೆ ತಿಂಗಳು ತಪ್ಪದೆ ಸಂಬಳ ಕೊಡುವ ಇವನು ತನ್ನ ಹೆಸರಿಗೆ ಒಂದು ರೂಪಾಯಿ ಸಂಬಳವನ್ನೂ ಬರೆದುಕೊಂಡಿಲ್ಲ. ಬಾಡಿಗೆ, ಮಗಳ ಸ್ಕೂಲ್ ಫೀಸು, ದಿನಸಿ, ಎಲ್ಲವೂ ಕಂಪನಿ ಖಾತೆಯಿಂದಲೇ. ‘ಕಂಪನಿ ನಂದೇ ತಾನೇ ಮಗಾ? ವರ್ಷದ ಕೊನೆಗೆ ಡಿವಿಡೆಂಡ್ ಅಂತ ತೋರಿಸಿದ್ರಾಯ್ತು. ಅದಕ್ಕೆ ಟ್ಯಾಕ್ಸ್ ಕಮ್ಮಿ’ ಅಂದ.

ಅವನ ಮಾತಿನಲ್ಲಿ ಎರಡು ತಪ್ಪಿವೆ. ಎರಡನೆಯದು ಹೆಚ್ಚು ಅಪಾಯದ್ದು.

ಮೊದಲನೆಯದು, ಡಿವಿಡೆಂಡ್‌ಗೆ ತೆರಿಗೆ ಕಮ್ಮಿ ಅನ್ನೋದು. ಬ್ರಿಟನ್‌ನವರ ಯೂಟ್ಯೂಬ್ ವಿಡಿಯೊ ನೋಡಿದರೆ ಹಾಗನ್ನಿಸುತ್ತೆ. ಅಲ್ಲಿ ಸಂಬಳದ ಮೇಲೆ ನ್ಯಾಷನಲ್ ಇನ್ಶೂರೆನ್ಸ್ ಬೀಳುತ್ತೆ, ಡಿವಿಡೆಂಡ್ ಮೇಲೆ ಬೀಳಲ್ಲ. ಹಾಗಾಗಿ ಸಣ್ಣ ಸಂಬಳ, ಮಿಕ್ಕಿದ್ದೆಲ್ಲ ಡಿವಿಡೆಂಡ್ ಅನ್ನೋದು ಅಲ್ಲಿನ ರೂಢಿ. ನಮ್ಮಲ್ಲೂ 2020ರ ಮಾರ್ಚ್‌ವರೆಗೆ ಡಿವಿಡೆಂಡ್ ತೆರಿಗೆಯನ್ನು ಕಂಪನಿಯೇ ಕಟ್ಟುತ್ತಿತ್ತು. ವರ್ಷಕ್ಕೆ 10 ಲಕ್ಷ ರೂಪಾಯಿವರೆಗೆ ಪಡೆದವರು ಮತ್ತೆ ಕಟ್ಟಬೇಕಿರಲಿಲ್ಲ. 2020ರ ಏಪ್ರಿಲ್‌ನಿಂದ ಆ ಪದ್ಧತಿ ಹೋಯ್ತು. ಈಗ ಡಿವಿಡೆಂಡ್ ನಿಮ್ಮ ಆದಾಯಕ್ಕೆ ಸೇರಿ, ನಿಮ್ಮ ಸ್ಲ್ಯಾಬ್ ಪ್ರಕಾರ ತೆರಿಗೆ ಬೀಳುತ್ತೆ. ಅದಕ್ಕೂ ಮೊದಲು ಅದೇ ದುಡ್ಡಿಗೆ ಕಂಪನಿ ತೆರಿಗೆ ಕಟ್ಟಿ ಆಗಿರುತ್ತೆ. ಸಂಬಳ ಹಾಗಲ್ಲ. ಅದು ಕಂಪನಿಗೆ ಖರ್ಚು, ಲಾಭದಿಂದ ಕಳೆದುಹೋಗುತ್ತೆ.

ಲೆಕ್ಕ ಹಾಕಿಯೇ ನೋಡೋಣ, ಎಂಜಿನಿಯರಿಂಗ್ ಓದಿದ್ದಕ್ಕೆ ಅಷ್ಟಾದರೂ ಬೇಡವೇ? ಡೈರೆಕ್ಟರ್ ಏನೂ ತಗೊಳ್ಳೋ ಮುಂಚೆ ಕಂಪನಿಯ ಲಾಭ 24 ಲಕ್ಷ. ಸರಳವಾಗಲಿ ಅಂತ ಷೇರೆಲ್ಲ ಅವನದೇ, ಬೇರೆ ಆದಾಯ ಇಲ್ಲ ಅಂದುಕೊಳ್ಳಿ. ಕಂಪನಿ ಶೇ 22ರ ದರ ಆಯ್ದುಕೊಂಡಿದೆ. ಸರ್ಚಾರ್ಜ್, ಸೆಸ್ ಸೇರಿ ಅದು ಶೇ 25.17. ಎಲ್ಲವನ್ನೂ ಡಿವಿಡೆಂಡ್ ಆಗಿ ತೆಗೆದರೆ ಕಂಪನಿ ಕಟ್ಟೋದು ಸುಮಾರು 6.04 ಲಕ್ಷ. ಉಳಿದ 17.96 ಲಕ್ಷ ಅವನ ಕೈಗೆ ಬಂದ ಮೇಲೆ, ಹೊಸ ಪದ್ಧತಿಯ 2025-26ರ ಸ್ಲ್ಯಾಬ್‌ನಲ್ಲಿ ಇನ್ನೊಂದು 1.66 ಲಕ್ಷ. ಒಟ್ಟು 7.70 ಲಕ್ಷ. ಅದೇ 24 ಲಕ್ಷವನ್ನು ಸಂಬಳವಾಗಿ ತೆಗೆದರೆ ಕಂಪನಿಗೆ ತೆರಿಗೆ ಇಲ್ಲ, ಅವನು ಕಟ್ಟೋದು 2.93 ಲಕ್ಷ. ವ್ಯತ್ಯಾಸ 4.77 ಲಕ್ಷ!

ಹಾಗಂತ ಎಲ್ಲವನ್ನೂ ಸಂಬಳ ಮಾಡಿಕೊಳ್ಳಿ ಅಂತಲೂ ನಾನು ಹೇಳಲ್ಲ. 12.75 ಲಕ್ಷದವರೆಗಿನ ಸಂಬಳಕ್ಕೆ ಹೊಸ ಪದ್ಧತಿಯಲ್ಲಿ ತೆರಿಗೆ ಶೂನ್ಯ, ಅಷ್ಟನ್ನಂತೂ ಬಿಡಬಾರದು. 24 ಲಕ್ಷದ ಆದಾಯ ದಾಟಿದ ಮೇಲೆ ನಿಮ್ಮ ದರ ಸೆಸ್ ಸೇರಿ ಶೇ 31.2, ಕಂಪನಿಯದು ಶೇ 25.17. ಮನೆಗೆ ಬೇಡದ ದುಡ್ಡಾದರೆ ಕಂಪನಿಯಲ್ಲೇ ಇರಲಿ, ಮುಂದಿನ ಮಷಿನ್‌ಗೆ ಆಗುತ್ತೆ. ಕೆಲಸಕ್ಕೆ ಹೊಂದದಷ್ಟು ದೊಡ್ಡ ಸಂಬಳ ಬರೆದುಕೊಂಡರೆ ಹೆಚ್ಚುವರಿ ಭಾಗವನ್ನು ಖರ್ಚು ಅಂತ ಒಪ್ಪದಿರೋ ಅಧಿಕಾರವೂ ತೆರಿಗೆ ಅಧಿಕಾರಿಗೆ ಇದೆ. ಹೆಂಡತಿ ಹೆಸರಲ್ಲಿ ಸಂಬಳ ಹಾಕೋದು ನಮ್ಮಲ್ಲಿ ಮಾಮೂಲಿ. ಆದರೆ ನಿಮ್ಮದು ಶೇ 20ರಷ್ಟು ಪಾಲಿನ ಕಂಪನಿಯಾಗಿದ್ದು, ಆ ಕೆಲಸಕ್ಕೆ ಬೇಕಾದ ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆ ಅವರಿಗೆ ಇಲ್ಲದಿದ್ದರೆ, ಆ ಸಂಬಳ ನಿಮ್ಮ ಆದಾಯಕ್ಕೇ ಸೇರುತ್ತೆ.

ಎರಡನೇ ತಪ್ಪಿಗೆ ಬರೋಣ. ಕಂಪನಿ ಕಾನೂನಿನ ಕಣ್ಣಲ್ಲಿ ಬೇರೆಯೇ ವ್ಯಕ್ತಿ. ಡಿವಿಡೆಂಡ್ ಘೋಷಿಸದೆ, ಸಂಬಳ ಬರೆಯದೆ ಖಾತೆಯಿಂದ ತೆಗೆದ ದುಡ್ಡು ಪುಸ್ತಕದಲ್ಲಿ ಸಾಮಾನ್ಯವಾಗಿ ‘ಡೈರೆಕ್ಟರ್‌ಗೆ ಕೊಟ್ಟ ಮುಂಗಡ’ ಅಂತ ಕೂರುತ್ತೆ. ಶೇ 10 ಅಥವಾ ಅದಕ್ಕಿಂತ ಹೆಚ್ಚು ಮತಾಧಿಕಾರ ಇರೋ ಷೇರುದಾರನಿಗೆ ಪ್ರೈವೇಟ್ ಕಂಪನಿ ಹೀಗೆ ಸಾಲ, ಮುಂಗಡ ಕೊಟ್ಟರೆ, ಕಂಪನಿಯಲ್ಲಿ ಕೂಡಿಟ್ಟ ಲಾಭದ ಮಟ್ಟಿಗೆ ಅದನ್ನು ಡಿವಿಡೆಂಡ್ ಅಂತಲೇ ಪರಿಗಣಿಸಿ ತೆರಿಗೆ ಹಾಕ್ತಾರೆ. ‘ಮಾರ್ಚ್ ಒಳಗೆ ವಾಪಸ್ ಹಾಕಿದೀನಲ್ಲ’ ಅಂದ್ರೂ ನಡೆಯಲ್ಲ. ಅದೇ ವರ್ಷ ತೀರಿಸಿದರೂ ತೆರಿಗೆ ತಪ್ಪಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿಯಾಗಿದೆ. ನೀವೇ ಹಿಂದೆ ಕಂಪನಿಗೆ ಸಾಲ ಕೊಟ್ಟಿದ್ದು ಪುಸ್ತಕದಲ್ಲಿದ್ದರೆ, ಅದನ್ನು ವಾಪಸ್ ಪಡೆಯೋದು ಬೇರೆ ಮಾತು.

ಹಾಗಾದ್ರೆ ಡಿವಿಡೆಂಡ್ ಯಾವಾಗ? ದುಡ್ಡು ಹಾಕಿದ ಪಾಲುದಾರ ಬೇರೆ, ದುಡಿಯುವವನು ಬೇರೆ ಆಗಿದ್ದಾಗ. ಅದು ಷೇರಿನ ಲೆಕ್ಕದಲ್ಲಿ ಹಂಚಿಕೆಯಾಗುತ್ತೆ. ನನ್ನ ಗೆಳೆಯನ ಭಾವನದು ಶೇ 40 ಪಾಲು, ವರ್ಷಕ್ಕೊಮ್ಮೆ ಆಯುಧಪೂಜೆಗೆ ಬರ್ತಾರೆ. ಇವನು ಸಂಬಳ ತಗೊಳ್ಳದೆ ಲಾಭವನ್ನೆಲ್ಲ ಡಿವಿಡೆಂಡ್ ಮಾಡಿದರೆ, ಇವನ ದುಡಿಮೆಯ ಶೇ 40 ಭಾವನ ಮನೆಗೆ ಹೋಗುತ್ತೆ. ಇದನ್ನು ಕೇಳಿದಾಗ ಮಾತ್ರ ಅವನು ಸ್ವಲ್ಪ ಹೊತ್ತು ಸುಮ್ಮನಾದ.

ಮಾಡಬೇಕಾದ್ದು ದೊಡ್ಡದೇನಲ್ಲ. ವರ್ಷದ ಆರಂಭದಲ್ಲೇ ಬೋರ್ಡ್ ನಿರ್ಣಯ, ತಿಂಗಳಿಗೊಮ್ಮೆ ಬ್ಯಾಂಕ್ ಮೂಲಕ ಪಾವತಿ, ಅಗತ್ಯವಿದ್ದರೆ ಟಿಡಿಎಸ್ ಕಡಿತ, ಕೊನೆಗೆ ಫಾರ್ಮ್ 16. ಅದನ್ನು ಸಂಬಳ ಅಂತಲೇ ಬರೆಯಿರಿ. ‘ವೃತ್ತಿಪರ ಶುಲ್ಕ’ ಅಂತ ಬರೆದರೆ ಜಿಎಸ್‌ಟಿ ಪ್ರಶ್ನೆ ಏಳುತ್ತೆ.

ಗೆಳೆಯ ಈಗ ತಿಂಗಳಿಗೆ 1,06,000 ರೂಪಾಯಿ ಸಂಬಳಕ್ಕೆ ನಿರ್ಣಯ ಬರೆಸಿದ್ದಾನೆ. ಹಿಂದಿನ ವರ್ಷಗಳ ಮುಂಗಡದ ಲೆಡ್ಜರ್ ಇನ್ನೂ ಆಡಿಟರ್ ಮೇಜಿನ ಮೇಲೇ ಇದೆ.