ಅಂಗೈಯಲ್ಲೊಂದು ಆರ್ಚರ್

ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟ್ಲ್ ವಾರ್ಸ್’ ಬರೆದು, ಆಟಿಕೆ ಸೈನ್ಯಗಳನ್ನು ನೆಲದ ಮೇಲೆ ಕಾದಾಡಿಸುವ ನಿಯಮಗಳನ್ನು ಕೊಟ್ಟರು. ಅಂದಿನ ಸೀಸದ ಸಿಪಾಯಿಗಳ ಜೊತೆಗೆ ಇಂದು ಟ್ಯಾಂಕುಗಳೂ ಮೇಜಿಗೇರಿವೆ. ಅವುಗಳಲ್ಲಿ ಟ್ಯಾಂಕುಗಳನ್ನೇ ಬೇಟೆಯಾಡುತ್ತಿದ್ದ ‘ಆರ್ಚರ್’ ಬಲು ವಿಚಿತ್ರವಾದುದು. ಸುಮಾರು 6.7 ಮೀಟರ್ ಉದ್ದದ ಆ ಬಂಡಿ, 72ರಲ್ಲೊಂದು ಪ್ರಮಾಣದ ಮಾದರಿಯಲ್ಲಿ 9 ಸೆಂಟಿಮೀಟರಿಗಿಳಿದು ಅಂಗೈಯಲ್ಲಿ ಕೂರುತ್ತದೆ.

ಫಿರಂಗಿಯನ್ನು ಹಿಂದುಮುಂದಾಗಿ ಅಂಟಿಸಿದೆವೇನೋ ಎಂದು ಮಕ್ಕಳು ಗಾಬರಿಪಟ್ಟಾರು. ಗಾಬರಿ ಬೇಡ. 1944ರಲ್ಲಿ ರಣಕ್ಕಿಳಿದ ಈ ಬ್ರಿಟಿಷ್ ಬಂಡಿಗೆ ವ್ಯಾಲೆಂಟೈನ್ ಟ್ಯಾಂಕಿನ ಸಣ್ಣ ಮೈ. ಅದರ 17 ಪೌಂಡರ್ ಫಿರಂಗಿಯೋ ಬಹಳ ನೀಳ. ಆದ್ದರಿಂದ ಅದನ್ನು ಹಿಮ್ಮುಖವಾಗಿಯೇ ಕೂರಿಸಿದರು. ಗುಂಡು ಹಾರಿಸಿ, ಬಂಡಿಯನ್ನು ತಿರುಗಿಸದೆಯೇ ಹೊರಟುಹೋಗುವ ಅನುಕೂಲವೂ ದೊರೆಯಿತು.

ನಮ್ಮ ಪುಣೆಯಿಂದ ಸುಮಾರು 120 ಕಿಲೋಮೀಟರ್ ದೂರದ ಅಹಿಲ್ಯಾನಗರದಲ್ಲಿ, ಎಂದರೆ ಹಿಂದಿನ ಅಹಮದನಗರದಲ್ಲಿ, 1994ರಲ್ಲಿ ಆರಂಭವಾದ ಟ್ಯಾಂಕ್ ವಸ್ತುಸಂಗ್ರಹಾಲಯವಿದೆ. ಅಲ್ಲಿ ನಿಜವಾದ ಆರ್ಚರ್ ನಿಂತಿದೆ. ಮಕ್ಕಳಿಗೆ ಅದನ್ನೂ ತೋರಿಸೋಣ. ಮೇಲ್ಗಡೆ ಮುಚ್ಚಿಗೆಯಿಲ್ಲದ ಆ ಬಂಡಿಯಲ್ಲಿ ನಾಲ್ವರು ಕುಳಿತು ಹೋರಾಡುತ್ತಿದ್ದರು. ಆಟದಲ್ಲಿ ಸೋತ ಬಂಡಿಯನ್ನು ಡಬ್ಬಿಯಲ್ಲಿಟ್ಟು ನಾಳೆ ಮತ್ತೆ ಆಡುತ್ತೇವೆ. ಆ ನಾಲ್ವರಿಗೆ ಅಂಥ ನಾಳೆಯ ಭರವಸೆಯಿರಲಿಲ್ಲ. ಇಷ್ಟನ್ನು ತಿಳಿದ ಮಗು ಸಂತೋಷವಾಗಿ ಆಡಲಿ.