ಬೀಡಿ ಬಿಡಿಸುವ ಶುಶ್ರೂಷೆ

ಕೊಡಗಿನ ಗಡಿಯಾಚೆಗಿನ ಪಿರಿಯಾಪಟ್ಟಣ, ಹುಣಸೂರು ಸೀಮೆಗಳು ಹೊಗೆಸೊಪ್ಪಿನ ಬೆಳೆಗೆ ಹೆಸರಾಗಿದ್ದರೆ, ಜಿಲ್ಲೆಯೊಳಗಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಬೀಡಿಯೂ, ಎಲೆ-ಅಡಿಕೆಯೊಡನೆ ಜಗಿಯುವ ಹೊಗೆಸೊಪ್ಪೂ ದುಡಿಮೆಯ ದಿನಚರಿಯಲ್ಲಿ ಬೆರೆತಿವೆ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇ 8.8, ಜಗಿಯುವುದೇ ಮೊದಲಾದ ಹೊಗೆರಹಿತ ರೂಪದಲ್ಲಿ ಬಳಸುವವರು ಶೇ 16.3, ಆದ್ದರಿಂದ 'ಸೇದುತ್ತೀರಾ?' ಎಂದಷ್ಟೇ ಕೇಳಲು ಕಲಿಸುವ ತರಬೇತಿ ಇಲ್ಲಿ ಸಾಲದು.

ಈ ಪ್ರಶ್ನೆಯನ್ನು ಕೇಳಲು ಶುಶ್ರೂಷಕರಿಗಿಂತ ತಕ್ಕವರು ವಿರಳ, ಏಕೆಂದರೆ ವೈದ್ಯರು ಬಂದುಹೋದ ಬಳಿಕವೂ ಅವರು ಹಾಸಿಗೆಯ ಬಳಿ ಇರುತ್ತಾರೆ. ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿದ 2017ರ ಕೊಕ್ರೇನ್ ವಿಮರ್ಶೆಯಲ್ಲಿ, ಶುಶ್ರೂಷಕರ ನೆರವು ದೊರೆತವರು ಆರು ತಿಂಗಳು ಅಥವಾ ಹೆಚ್ಚು ಕಾಲದ ಬಳಿಕವೂ ಧೂಮಪಾನ ತೊರೆದಿರುವ ಸಾಧ್ಯತೆ ಕಾಲುಭಾಗಕ್ಕೂ ಮಿಗಿಲಾಗಿ ಹೆಚ್ಚಿತ್ತು. ವಿಚಾರಿಸುವುದು, ಬಿಡಲು ಹೇಳುವುದು, ಮನಸ್ಸಿನ ಸಿದ್ಧತೆಯನ್ನು ಅರಿಯುವುದು, ನೆರವಾಗುವುದು, ಮುಂದಿನ ಭೇಟಿಯನ್ನು ಗೊತ್ತುಮಾಡುವುದು ಎಂಬ ಐದು ಹೆಜ್ಜೆಗಳು ಇಂಥ ತರಬೇತಿಯ ಸಾಮಾನ್ಯ ಚೌಕಟ್ಟು.

ಕಠಿಣವಾದುದು ನಾಲ್ಕನೆಯ ಹೆಜ್ಜೆ. ಮಳೆಗಾಲದ ಚಳಿಗೆ ಬೀಡಿ ಮೈ ಬೆಚ್ಚಗಿಡುತ್ತದೆಂದು ನಂಬಿದವರಿಗೆ, ನಿಕೋಟಿನ್ ಚರ್ಮದ ರಕ್ತನಾಳಗಳನ್ನು ಕುಗ್ಗಿಸಿ ಕೈಬೆರಳುಗಳನ್ನು ಇನ್ನಷ್ಟು ತಣ್ಣಗಾಗಿಸುತ್ತದೆ ಎಂಬುದನ್ನು ಹಂಗಿಸದೆ ತಿಳಿಸಬೇಕು. ಚಟದ ತಹತಹವನ್ನು ತಗ್ಗಿಸಲು ಕೊಡುವ ನಿಕೋಟಿನ್ ಗಮ್ಮನ್ನು ಎಲೆ-ಅಡಿಕೆಯಂತೆ ಜಗಿಯುತ್ತಲೇ ಹೋದರೆ ರಸ ಹೊಟ್ಟೆ ಸೇರಿ ಬಿಕ್ಕಳಿಕೆ, ಎದೆಯುರಿ ಬರುತ್ತವೆಯೇ ಹೊರತು ಉಪಯೋಗ ಕಡಿಮೆ. ಖಾರದ ರುಚಿ ಬರುವವರೆಗೆ ಜಗಿದು, ಕೆನ್ನೆ ಮತ್ತು ಒಸಡಿನ ನಡುವೆ ಇರಿಸಿ, ರುಚಿ ಇಳಿದ ಮೇಲೆ ಮತ್ತೆ ಜಗಿಯಬೇಕು. ಕಾಫಿಯ ಆಮ್ಲೀಯತೆ ಬಾಯಿಯ ಒಳಪೊರೆ ನಿಕೋಟಿನ್ ಹೀರುವುದನ್ನು ತಡೆಯುವುದರಿಂದ ಗಮ್‌ಗೆ ಮುಂಚಿನ 15 ನಿಮಿಷ ಕಾಫಿ ಕುಡಿಯಬಾರದು. ಇದಲ್ಲದೆ, ತಂಬಾಕಿನ ಹೊಗೆ ಕೆಫೀನನ್ನು ಬೇಗ ಕರಗಿಸುವ ಯಕೃತ್ತಿನ ಕಿಣ್ವವನ್ನು ಚುರುಕುಗೊಳಿಸಿರುತ್ತದೆ. ಸೇದುವುದು ನಿಂತೊಡನೆ ಆ ಚುರುಕು ತಗ್ಗಿ, ಅಷ್ಟೇ ಕಾಫಿಗೆ ರಕ್ತದಲ್ಲಿ ಕೆಫೀನ್ ಏರುತ್ತದೆ. ಆಗಿನ ನಡುಕ, ನಿದ್ರೆಗೇಡುಗಳನ್ನು ಬೀಡಿ ಬಿಟ್ಟದ್ದರ ಫಲವೆಂದೇ ಭಾವಿಸಿ ರೋಗಿ ಮತ್ತೆ ಬೀಡಿ ಹಚ್ಚುವ ಅಪಾಯವಿದೆ. ಕಾಫಿಯ ನಾಡಿನಲ್ಲಿ ಈ ಪಾಠ ಮೊದಲ ದಿನವೇ ಆಗಬೇಕಾದದ್ದು.

ಮಡಿಕೇರಿಯ ಆಸ್ಪತ್ರೆಯಿಂದ ದೂರದ ತೋಟಕ್ಕೆ ಮರಳಿದವರ ಬೆನ್ನಿಗೆ ನಿಲ್ಲುವವರು ಉಪಕೇಂದ್ರಗಳ ಸಮುದಾಯ ಆರೋಗ್ಯ ಅಧಿಕಾರಿಗಳು; ಇವರಲ್ಲಿ ನರ್ಸಿಂಗ್ ಓದಿದವರೇ ಹೆಚ್ಚು, 30 ವರ್ಷ ದಾಟಿದವರ ಬಾಯಿ ಕ್ಯಾನ್ಸರ್ ತಪಾಸಣೆಯೂ ಇವರ ಹೊಣೆ. ಬೆಂಗಳೂರಿನ ನಿಮ್ಹಾನ್ಸ್ 2018ರಿಂದ ರಾಷ್ಟ್ರೀಯ ತಂಬಾಕು ತೊರೆಯುವ ಸಹಾಯವಾಣಿಯಲ್ಲಿ (1800-11-2356) ಕನ್ನಡದಲ್ಲಿಯೂ ಸಮಾಲೋಚನೆ ನೀಡುತ್ತಿದೆ. ಬಿಡುಗಡೆಯ ಚೀಟಿಯಲ್ಲಿ ಈ ಸಂಖ್ಯೆಯನ್ನು ಬರೆಯುವುದರ ಜೊತೆಗೆ, ರೋಗಿ ಇನ್ನೂ ವಾರ್ಡಿನಲ್ಲಿರುವಾಗಲೇ ಮೊದಲ ಕರೆಯನ್ನು ಶುಶ್ರೂಷಕರೇ ಮಾಡಿಸುವುದು ತರಬೇತಿಯ ಭಾಗವಾಗಬೇಕು.