ಶಿರಸಿಯ ದೊಂದಿ, ಜೆ.ಪಿ. ನಗರದ ದೀಪ

ಭಾನುವಾರ ಬೆಳಗ್ಗೆ ಹತ್ತೂವರೆಗೆ ದಕ್ಷಿಣ ಬೆಂಗಳೂರಿನಲ್ಲಿ ಎಲ್ಲಾದರೂ ಒಂದು ಪುಸ್ತಕ ಬಿಡುಗಡೆ ಇದ್ದೇ ಇರುತ್ತದೆ. ಬಸವನಗುಡಿಯ ವಾಡಿಯಾ ಸಭಾಂಗಣವೋ, ಗೋಖಲೆ ಸಂಸ್ಥೆಯೋ, ಬನಶಂಕರಿ ಎರಡನೇ ಹಂತದ ಸುಚಿತ್ರಾವೋ. ಮೊದಲು ಉಪ್ಪಿಟ್ಟು, ಕೇಸರಿಬಾತು, ಕಾಫಿ. ಆಮೇಲೆ ಭಾಷಣ. ಕೊನೆಗೆ ಸಮಯ ಉಳಿದಿದ್ದರೆ ಸಂವಾದ. ಆಗ ಯಾರಾದರೂ ಹಿರಿಯರು ಮೈಕು ಇಸಿದುಕೊಂಡು ಕೇಳುವ ಪ್ರಶ್ನೆ ಎಲ್ಲರಿಗೂ ಗೊತ್ತಿರುವುದೇ: ‘ಇದನ್ನು ಬರೆಯೋದಕ್ಕೆ ನಿಮಗೆ ಸ್ಫೂರ್ತಿ ಏನು?’ ಲೇಖಕರು ಅಜ್ಜಿಯ ಕತೆ, ಊರಿನ ಹೊಳೆ, ಮಲೆನಾಡಿನ ಮಳೆ ಎಂದೇನೋ ಹೇಳಿ ಪಾರಾಗುತ್ತಾರೆ. ಅದೇನೂ ಸುಳ್ಳಲ್ಲ. ಆದರೆ ಅದೇ ಹೊಳೆಯಲ್ಲಿ ಈಜಿದ ಊರಿನ ಹತ್ತಾರು ಹುಡುಗರಲ್ಲಿ ಇವರೊಬ್ಬರೇ ಬರೆದದ್ದು ಯಾಕೆ, ಕಂಡ ಸಾವಿರ ಸಂಗತಿಗಳಲ್ಲಿ ಅದೊಂದೇ ಕಣ್ಣಿಗೆ ಅಂಟಿಕೊಂಡು ಕೂತದ್ದು ಯಾಕೆ ಎಂಬುದು ಹಾಗೇ ಉಳಿದುಬಿಡುತ್ತದೆ.

ಈ ಪ್ರಶ್ನೆಗೆ ನಾನು ಕಂಡ ಅತ್ಯಂತ ನೇರವಾದ ಉತ್ತರ ಗಿರೀಶ ಕಾರ್ನಾಡರದು. ಬಹಳ ಕಾಲ ಅವರು ಜೆ.ಪಿ. ನಗರದ ನಿವಾಸಿಯಾಗಿದ್ದರು. ಅವರ ಉತ್ತರದಲ್ಲಿ ಹೊಳೆಯೂ ಇಲ್ಲ, ಮಳೆಯೂ ಇಲ್ಲ. ದೀಪ ಇದೆ.

1938ರಲ್ಲಿ ಮಾಥೇರಾನಿನಲ್ಲಿ ಹುಟ್ಟಿದ ಕಾರ್ನಾಡರ ಬಾಲ್ಯ ಕಳೆದದ್ದು ಶಿರಸಿಯಲ್ಲಿ. ತಂದೆ ಡಾಕ್ಟರು. ಊರಿಗೆ ನಾಟಕ ಕಂಪನಿ ಬಂದರೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಪೆಟ್ರೋಮ್ಯಾಕ್ಸ್ ಬೆಳಕು, ಇಳಿಬಿಡುವ ಪರದೆ, ಸೈಡ್ ವಿಂಗು. ಸುಗ್ಗಿ ಮುಗಿದ ಮೇಲೆ ಹುಡುಗ ಮನೆಯ ಆಳುಗಳ ಜೊತೆ ಹೋಗಿ ರಾತ್ರಿಯಿಡೀ ಯಕ್ಷಗಾನ ನೋಡುತ್ತಿದ್ದ. ಅಲ್ಲಿದ್ದದ್ದು ಬಯಲು, ಒಂದು ಅಟ್ಟಣೆ, ದೊಂದಿ. ಒಂದು ಅಪ್ಪನ ಲೋಕ, ಇನ್ನೊಂದು ಆಳುಗಳ ಲೋಕ; ಒಂದಕ್ಕೊಂದು ತಾಳೆಯಾಗದ ಎರಡು ಬೆಳಕು. ಮನೆಯಲ್ಲಿ ಲಾಟೀನು. ಶಿವನಸಮುದ್ರದ ಕರೆಂಟಿನಿಂದ ಬೆಂಗಳೂರಿನ ಬೀದಿಗಳು ಬೆಳಗಿದ್ದು 1905ರಲ್ಲಿ. ಅದಾಗಿ ನಾಲ್ಕು ದಶಕದ ಮೇಲೂ ಶಿರಸಿಯ ಡಾಕ್ಟರ ಮನೆಯ ಹುಡುಗ ಓದುತ್ತಿದ್ದದ್ದು ಲಾಟೀನಿನಲ್ಲೇ.

ಮುಂದೆ ಓದಲು ಮುಂಬಯಿಗೆ ಹೋದಾಗ ಇಬ್ರಾಹಿಂ ಅಲ್ಕಾಜಿ ನಿರ್ದೇಶಿಸಿದ ಸ್ಟ್ರಿಂಡ್‌ಬರ್ಗ್‌ನ ‘ಮಿಸ್ ಜೂಲಿ’ ನೋಡಿದರು. ನಾಟಕದ ಒಳಗಿನ ಹಿಂಸೆ ಅವರನ್ನು ಅಲುಗಾಡಿಸಿತು, ನಿಜ. ಅದರಷ್ಟೇ ಬೆರಗು ಹುಟ್ಟಿಸಿದ್ದು ರಂಗದ ಮೇಲಿನ ಬೆಳಕು ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿದ ರೀತಿ. ಲಾಟೀನಿನ ಮನೆಯಿಂದ ಬಂದವರಿಗೆ ಕರೆಂಟು ಎಂದರೆ ಗುಂಡಿ ಒತ್ತಿದರೆ ಹತ್ತುವುದು, ಮತ್ತೆ ಒತ್ತಿದರೆ ಆರುವುದು, ಅಷ್ಟೇ. ಡಿಮ್ಮರ್ ಎಂಬುದೊಂದು ಇದೆ, ಬೆಳಕನ್ನು ಮೆಲ್ಲಗೆ ಹಿಂಡಬಹುದು ಎಂದು ಅವತ್ತು ಗೊತ್ತಾಯಿತು. ತಮ್ಮ ಮೂರು ನಾಟಕಗಳ ಇಂಗ್ಲಿಷ್ ಸಂಪುಟಕ್ಕೆ 1994ರಲ್ಲಿ ಬರೆದ ಪ್ರಸ್ತಾವನೆಯಲ್ಲಿ ಅವರು ಇದನ್ನೆಲ್ಲ ಹೇಳಿಕೊಂಡಿದ್ದಾರೆ. ಅದರಲ್ಲೇ ಒಂದು ತಮಾಷೆಯೂ ಇದೆ. ಆ ಪ್ರಯೋಗ ಅಲ್ಕಾಜಿಯವರ ಒಳ್ಳೆಯ ಕೆಲಸವೇನಲ್ಲವಂತೆ. ಪತ್ರಿಕೆಗಳು ಅದನ್ನು ಹಿಗ್ಗಾಮುಗ್ಗಾ ಜಾಡಿಸಿದ್ದವಂತೆ. ಕಣ್ಣಿಗೆ ಅಂಟುವ ಚಿತ್ರಕ್ಕೆ ವಿಮರ್ಶಕರ ಸರ್ಟಿಫಿಕೇಟು ಬೇಕಾಗಿಲ್ಲ.

ಈಗ ನನಗೆ ಕುತೂಹಲ ಹುಟ್ಟಿಸುವ ಸಂಗತಿಗೆ ಬರುತ್ತೇನೆ. ಇಷ್ಟು ಬೆಳಕು ನೋಡಿದವರು ಮೊದಲು ಬರೆದ ‘ಯಯಾತಿ’ಯಲ್ಲಿ ದೊಂದಿಯೂ ಇಲ್ಲ, ಶಿರಸಿಯೂ ಇಲ್ಲ. ಆಕ್ಸ್‌ಫರ್ಡ್‌ಗೆ ಹೊರಟು ನಿಂತಿದ್ದ, ಇಂಗ್ಲಿಷ್ ಕವಿಯಾಗಬೇಕೆಂದುಕೊಂಡಿದ್ದ ಇಪ್ಪತ್ತೆರಡರ ಹುಡುಗನ ಕಿವಿಯಲ್ಲಿ ಮಹಾಭಾರತದ ಪಾತ್ರಗಳು ಕನ್ನಡದಲ್ಲಿ ಮಾತಾಡತೊಡಗಿದವು, ಅವನು ಬರೆದುಕೊಂಡ. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು ಪ್ರಕಟಿಸಿತು. ‘ತುಘಲಕ್’ ಬಂದದ್ದು 1964ರಲ್ಲಿ, ‘ಹಯವದನ’ 1971ರಲ್ಲಿ. ಹಯವದನದಲ್ಲಿ ಮುಖವಾಡ, ಯಕ್ಷಗಾನದ ಅರ್ಧಪಟ, ಭಾಗವತ ಎಲ್ಲ ಬಂದರು, ಬಿ.ವಿ. ಕಾರಂತರ ಸಂಗೀತದೊಂದಿಗೆ ಕುಣಿದರು. ಬೆಳಕು ಮಾತ್ರ ಇನ್ನೂ ಬಂದಿರಲಿಲ್ಲ.

ಅದು ಬಂದದ್ದು 1988ರಲ್ಲಿ, ‘ನಾಗಮಂಡಲ’ದಲ್ಲಿ. ಒಂದು ಪಾಳುಗುಡಿ. ತನ್ನ ನಾಟಕ ನೋಡಿದವರನ್ನೆಲ್ಲ ನಿದ್ದೆ ಹೋಗಿಸಿದ ಪಾಪಕ್ಕೆ ಸಾವಿನ ಶಾಪ ಹೊತ್ತ ನಾಟಕಕಾರನೊಬ್ಬ ಅಲ್ಲಿ ಕೂತಿದ್ದಾನೆ. ಉಳಿಯಬೇಕಾದರೆ ಒಂದು ರಾತ್ರಿಯಿಡೀ ಎಚ್ಚರವಿರಬೇಕು. ಊರಿನಲ್ಲಿ ಮನೆಮನೆಯ ದೀಪ ಶಾಂತವಾಗುತ್ತಿದ್ದಂತೆ ಅವುಗಳ ಜ್ಯೋತಿಗಳು ಒಂದೊಂದಾಗಿ ಗುಡಿಗೆ ಬಂದು ಸೇರುತ್ತವೆ; ಹೆಂಗಸರ ದನಿಯಲ್ಲಿ ತಂತಮ್ಮ ಮನೆಯ ಸುದ್ದಿ ಹರಟುತ್ತವೆ. ಈ ಕಲ್ಪನೆ ಕಾರ್ನಾಡರ ಸ್ವಂತದ್ದಲ್ಲ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕತೆಯದು; ರಾಮಾನುಜನ್ ಪಾಠ ಹೇಳುತ್ತಿದ್ದ ಶಿಕಾಗೊದಲ್ಲಿ ಕಾರ್ನಾಡರು ಇದ್ದಾಗ ನಾಟಕವಾಯಿತು. ಆದರೆ ರಾಮಾನುಜನ್ ಕತೆಗಳನ್ನು ಕೇಳಿದವರು, ಓದಿದವರು ಬೇಕಾದಷ್ಟು ಜನ. ಆ ಜ್ಯೋತಿಗಳನ್ನು ರಂಗದ ಮೇಲೆ ನಡೆಸಬಹುದು ಎಂದು ಹೊಳೆದದ್ದು, ಬೆಳಕು ತಾನೇ ಒಂದು ಪಾತ್ರ ಎಂದು ಬಯಲಿನಲ್ಲಿ ರಾತ್ರಿಯಿಡೀ ನೋಡಿದ್ದವನಿಗೆ. ಇದು ನನ್ನ ಊಹೆ, ಕಾರ್ನಾಡರು ಹೀಗೆ ಹೇಳಿಲ್ಲ. ದೊಂದಿ ಎಂದರೆ ವೇಷಧಾರಿಯ ಮುಖದ ಜೊತೆಗೇ ಅದರ ಹಿಂದಿನ ಕತ್ತಲನ್ನೂ ತೋರಿಸುವ ಬೆಳಕು. ನಿದ್ದೆಗಣ್ಣಿನ ಹುಡುಗನಿಗೆ ಅರ್ಧ ಕಂಡು ಅರ್ಧ ತಪ್ಪಿಹೋಗಿರುತ್ತದೆ. ಆ ತಪ್ಪಿಹೋದ ಅರ್ಧವೇ ಮುಂದೆ ಸತಾಯಿಸುವುದು. ಪೂರ್ತಿ ಕಂಡದ್ದನ್ನು ಮನಸ್ಸು ಮಡಚಿ ಇಟ್ಟುಬಿಡುತ್ತದೆ. ಈಗ ನಾವು ಫೋನಿನಲ್ಲಿ ತೆಗೆದ ಫೋಟೋಗಳನ್ನು ಮತ್ತೆ ನೋಡದ ಹಾಗೆ.

ಹಳೆಯ ಬಡಾವಣೆಗಳ ಕಡೆ ನಡೆದರೆ ಇದಕ್ಕೆ ಇನ್ನೂ ಸಾಕ್ಷಿ ಸಿಗುತ್ತದೆ. ಬಸವನಗುಡಿಯ ಡಿ.ವಿ. ಗುಂಡಪ್ಪನವರು ತಮ್ಮ ನೆನಪಿನ ಸಂಪುಟಗಳಿಗೆ ‘ಜ್ಞಾಪಕ ಚಿತ್ರಶಾಲೆ’ ಎಂದೇ ಹೆಸರಿಟ್ಟರು. ಆದರೆ ಚಿತ್ರವೊಂದು ಅವರನ್ನು ನಿಜಕ್ಕೂ ಕಾಡಿದ್ದಕ್ಕೆ ಸಾಕ್ಷಿ ಅಲ್ಲಿಗಿಂತ ‘ಅಂತಃಪುರ ಗೀತೆ’ಗಳಲ್ಲಿ ಹೆಚ್ಚು. ಬೇಲೂರಿನ ಚೆನ್ನಕೇಶವ ದೇವಾಲಯದ ಸೂರಿನಡಿ ವಾಲಿಕೊಂಡು ನಿಂತ ಮದನಿಕೆಯರನ್ನು ನೋಡಲು ಕತ್ತು ಮೇಲೆತ್ತಬೇಕು. ಮೇಲಿನ ನೆರಳಿನಲ್ಲಿ ಒಬ್ಬಳ ಕೈಯ ಕನ್ನಡಿ ಕಾಣುತ್ತದೆ, ಕನ್ನಡಿಯಲ್ಲಿ ಅವಳು ಕಂಡದ್ದು ಕಾಣುವುದಿಲ್ಲ. ಡಿವಿಜಿ ಈ ಮದನಿಕೆಯರಿಗೆ ಹಾಡು ಕಟ್ಟಿದರು, ರಾಗ ಸೂಚಿಸಿದರು, ಕೆಲವು ಹಾಡುಗಳಲ್ಲಿ ಆ ಕಲ್ಲಿನ ಹೆಣ್ಣನ್ನೇ ನಿಲ್ಲಿಸಿ ಕೇಳಿದರು: ಯಾಕಿಷ್ಟು ಸಂತೋಷ, ಏನು ಸಮಾಚಾರ ಎಂದು. ಎಂಟುನೂರು ವರ್ಷ ಬಾಯಿ ಬಿಡದವಳು ಡಿವಿಜಿಗೆ ಉತ್ತರ ಕೊಡುತ್ತಾಳೆಯೇ? ಕೊಟ್ಟಿದ್ದರೆ ಹಾಡೇ ಬೇಕಿರಲಿಲ್ಲ.

ಪದ್ಮನಾಭನಗರದಲ್ಲಿದ್ದ ಕೆ.ಎಸ್. ನಿಸಾರ್ ಅಹಮದ್ ಅವರ ಮೊದಲ ಕವನ ಸಂಕಲನದ ಹೆಸರು ‘ಮನಸು ಗಾಂಧಿಬಜಾರು’, 1960ರದು. ಮನಸ್ಸನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ಅಲ್ಲಿ ಹೂವಿನ ರಾಶಿಯೂ ಇರುತ್ತದೆ, ಕೊಳೆತ ಸೊಪ್ಪೂ ಇರುತ್ತದೆ. ಆ ಸಂತೆಯೊಳಗಿಂದ ಅವರು ಒಂದು ಪದ್ಯಕ್ಕೆ ಎತ್ತಿಕೊಂಡ ಚಿತ್ರ, ಸಂಜೆಹೊತ್ತು ಕೋಟು ತೊಟ್ಟು, ಕೊಡೆ ಹಿಡಿದು ಗವಿಪುರದ ಕಡೆಯಿಂದ ಬಸವನಗುಡಿ ಕ್ಲಬ್ಬಿಗೆ ನಡೆದುಹೋಗುವ ಮಾಸ್ತಿ. ಮಾಸ್ತಿ 1986ರಲ್ಲಿ ತೀರಿಕೊಂಡರು. ಆಮೇಲೆ ಹುಟ್ಟಿದವರೂ ಆ ಪದ್ಯ ಓದಿ, ಮಾಸ್ತಿಯವರನ್ನು ಆ ರಸ್ತೆಯಲ್ಲಿ ತಾವೇ ಕಂಡವರಂತೆ ಮಾತಾಡುವುದನ್ನು ಕೇಳಿದ್ದೇನೆ. ನೋಡದ ಚಿತ್ರವೂ ನೆನಪಾಗಿ ಕೂರಬಲ್ಲದು. ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಫ್ರೆಡೆರಿಕ್ ಬಾರ್ಟ್‌ಲೆಟ್ 1932ರಷ್ಟು ಹಿಂದೆಯೇ ತೋರಿಸಿದ್ದು ಇದನ್ನೇ: ನಾವು ನೆನಪನ್ನು ಪೆಟ್ಟಿಗೆಯಿಂದ ಹೊರತೆಗೆಯುವುದಿಲ್ಲ, ಪ್ರತಿಸಲವೂ ಹೊಸದಾಗಿ ಕಟ್ಟುತ್ತೇವೆ. ಅಪರಿಚಿತ ಜನಪದ ಕತೆಯೊಂದನ್ನು ಓದಿದ ವಿದ್ಯಾರ್ಥಿಗಳು ಅದನ್ನು ಮತ್ತೆ ಹೇಳುವಾಗೆಲ್ಲ ತಮಗೆ ಒಗ್ಗುವಂತೆ ತಿದ್ದಿಕೊಳ್ಳುತ್ತಿದ್ದರು.

ಕಟ್ಟಿಕೊಂಡ ಚಿತ್ರ ಕೈಯಿಂದ ಕೈಗೆ ದಾಟುತ್ತ ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದಕ್ಕೆ ನಮ್ಮಲ್ಲೇ ಒಂದು ದೊಡ್ಡ ಕತೆ ಇದೆ. 1930ರ ವಿಜಯದಶಮಿ. ಅಜ್ಜಿ ನೋಡಿಟ್ಟ ಒಳ್ಳೆಯ ದಿನವೆಂದು ಆರ್.ಕೆ. ನಾರಾಯಣ್ ಬೆಂಗಳೂರಿನಲ್ಲಿ ಒಂದು ನೋಟ್‌ಬುಕ್ ಕೊಂಡು ಬರೆಯಲು ಕೂತರು. ಕಣ್ಣೆದುರು ಬಂದದ್ದು ಒಂದು ಪುಟ್ಟ ರೈಲು ನಿಲ್ದಾಣ, ಒಬ್ಬ ಸ್ಟೇಷನ್ ಮಾಸ್ತರ, ಒಂದು ಆಲದ ಮರ. ಮಾಲ್ಗುಡಿ ಹುಟ್ಟಿತು. ಮಲ್ಲೇಶ್ವರಕ್ಕೆ ಬಸವನಗುಡಿ ಸೇರಿಸಿದರೆ ಮಾಲ್ಗುಡಿ ಎಂದು ಇಲ್ಲಿಯವರು ಹೆಮ್ಮೆಯಿಂದ ಹೇಳುವುದುಂಟು. ನಾನೂ ಬಸವನಗುಡಿಯ ಪಕ್ಷಪಾತಿಯೇ, ಆದರೂ ಇದನ್ನು ನಂಬಲಾರೆ. ಸಂಧಿ ಮಾಡಿ ಯಾರೂ ಊರು ಕಟ್ಟುವುದಿಲ್ಲ. ನಾರಾಯಣ್‌ಗೆ ಕಂಡದ್ದು ನಿಲ್ದಾಣ, ಬಡಾವಣೆಗಳ ಭೂಪಟವಲ್ಲ.

ಐವತ್ತು ಚಿಲ್ಲರೆ ವರ್ಷದ ಮೇಲೆ, ‘ಮಾಲ್ಗುಡಿ ಡೇಸ್’ ಧಾರಾವಾಹಿ ತೆಗೆಯಲು, ಶಂಕರ್ ನಾಗ್ ಆ ನಿಲ್ದಾಣಕ್ಕೆ ನೆಲ ಹುಡುಕಿಕೊಂಡು ಮಲೆನಾಡಿಗೆ ಹೋದರು. ಮಾಲ್ಗುಡಿ ಆಗುಂಬೆಯಾಯಿತು, ರೈಲು ಶಿವಮೊಗ್ಗ ಜಿಲ್ಲೆಯ ಅರಸಾಳಿನಲ್ಲಿ ನಿಂತಿತು. ಧಾರಾವಾಹಿಯ ಹುಡುಗ ಸ್ವಾಮಿಯ ಅಪ್ಪನಾಗಿ ನಟಿಸಿದವರು ಇದೇ ಕಾರ್ನಾಡರು. ಶಂಕರ್ ಅವರನ್ನು 1978ರಲ್ಲಿ ‘ಒಂದಾನೊಂದು ಕಾಲದಲ್ಲಿ’ ಚಿತ್ರದಿಂದ ಬೆಳ್ಳಿತೆರೆಗೆ ತಂದವರೂ ಅವರೇ. ಅದರ ಹಿಂದೆ ಕುರೊಸಾವಾನ ಸಮುರಾಯ್ ಚಿತ್ರಗಳ ಗುಂಗಿತ್ತು. ಈಗ ಅರಸಾಳು ನಿಲ್ದಾಣದ ಹಳೆಯ ಕಟ್ಟಡವೇ ಮಾಲ್ಗುಡಿ ಮ್ಯೂಸಿಯಂ. ಒಬ್ಬನ ತಲೆಯಲ್ಲಿ ಮಾತ್ರ ಇದ್ದ ನಿಲ್ದಾಣವನ್ನು ಜನ ಈಗ ಕುಟುಂಬಸಮೇತ ಹೋಗಿ ನೋಡಿ ಬರುತ್ತಾರೆ.

ಶಂಕರ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಕಾರು ಅಪಘಾತಕ್ಕೆ ಬಲಿಯಾದಾಗ ಮೂವತ್ತಾರು ಇನ್ನೂ ತುಂಬಿರಲಿಲ್ಲ. ಜೊತೆಗಿದ್ದ ಅರುಂಧತಿ ನಾಗ್ ತೀವ್ರವಾಗಿ ಗಾಯಗೊಂಡರು. ಬೆಂಗಳೂರಿಗೆ ನಾಟಕಕ್ಕೆಂದೇ ಒಂದು ಮನೆ ಬೇಕು ಎಂಬುದು ಗಂಡಹೆಂಡಿರ ಹಳೆಯ ಮಾತು. ಅದನ್ನು ಹೊತ್ತುಕೊಂಡು ಅರುಂಧತಿ ಹತ್ತು ವರ್ಷಕ್ಕೂ ಮಿಕ್ಕಿ ಓಡಾಡಿದರು. 2004ರ ಅಕ್ಟೋಬರಿನಲ್ಲಿ ಜೆ.ಪಿ. ನಗರ ಎರಡನೇ ಹಂತದಲ್ಲಿ ರಂಗಶಂಕರ ಬಾಗಿಲು ತೆರೆಯಿತು. ತೀರಿಕೊಂಡವರ ನೆನಪಿಗೆ ನಮ್ಮೂರಿನಲ್ಲಿ ಪುತ್ಥಳಿ ನಿಲ್ಲಿಸುವುದು ವಾಡಿಕೆ. ವರ್ಷಕ್ಕೊಂದು ಹಾರ, ಉಳಿದ ದಿನ ಕಾಗೆ. ಇಲ್ಲಿ ಶಂಕರ್ ಹೇಗಿದ್ದರು ಎಂದು ತೋರಿಸುವ ಬದಲು ಅವರಿದ್ದಿದ್ದರೆ ಸಂಜೆ ಎಲ್ಲಿರುತ್ತಿದ್ದರೋ ಆ ಜಾಗವನ್ನೇ ಕಟ್ಟಿದರು. ಸೋಮವಾರದ ರಜೆ ಬಿಟ್ಟರೆ ದಿನಕ್ಕೊಂದು ನಾಟಕ ಆಗಬೇಕೆಂಬ ಹಟ, ಸಬ್ಬಕ್ಕಿ ವಡೆ, ತಡವಾಗಿ ಬಂದವರನ್ನು ಒಳಗೆ ಬಿಡದ ಶಿಸ್ತು ಎಲ್ಲವೂ ಸೇರಿಯೇ ಆ ನೆನಪು.

ಮರುವರ್ಷವೇ, 2005ರಲ್ಲಿ, ಅದೇ ರಂಗದ ಮೇಲೆ ಕಾರ್ನಾಡರು ಕೆ.ಎಂ. ಚೈತನ್ಯ ಜೊತೆಗೂಡಿ ‘ಒಡಕಲು ಬಿಂಬ’ ಆಡಿಸಿದರು. ಕನ್ನಡ ಪ್ರಯೋಗದಲ್ಲಿ ಅರುಂಧತಿ ನಾಗ್, ಒಬ್ಬರೇ. ದೊಂದಿಯಿಂದ ಹೊರಟ ಕಾರ್ನಾಡರ ಬೆಳಕು ಇಲ್ಲಿ ಟಿ.ವಿ. ಪರದೆಗೆ ಬಂದು ನಿಂತಿತ್ತು. ಕನ್ನಡದ ಕತೆಗಾರ್ತಿ ಮಂಜುಳಾ ನಾಯಕ್ ಇಂಗ್ಲಿಷಿನಲ್ಲೊಂದು ಕಾದಂಬರಿ ಬರೆದು ಜಗತ್ಪ್ರಸಿದ್ಧಳಾಗಿದ್ದಾಳೆ. ಸ್ಟುಡಿಯೋದಲ್ಲಿ ನಾಲ್ಕು ಮಾತಾಡಿ ಹೊರಡುವಷ್ಟರಲ್ಲಿ ಪರದೆಯ ಮೇಲಿನ ಅವಳದೇ ಬಿಂಬ ಅವಳನ್ನು ನಿಲ್ಲಿಸಿ ವಿಚಾರಣೆಗೆ ತೊಡಗುತ್ತದೆ. ಕಾದಂಬರಿಯಲ್ಲಿರುವುದು ಗಾಲಿಕುರ್ಚಿಯಲ್ಲಿ ಬದುಕಿ ಸತ್ತ ತಂಗಿ ಮಾಲಿನಿಯ ಬಾಳು. ತಂಗಿಯನ್ನು ನೋಡಿನೋಡಿ ಬರೆದೆ ಎಂದು ಮಂಜುಳಾ ಎಲ್ಲರಿಗೂ ಹೇಳಿದ್ದಾಳೆ. ಸ್ಫೂರ್ತಿಯ ಪ್ರಶ್ನೆಗೆ ಎಷ್ಟು ಚಂದದ ಉತ್ತರ! ಬಿಂಬ ಬಿಡುವುದಿಲ್ಲ. ಒಂದೊಂದೇ ಎಳೆ ಜಗ್ಗುತ್ತ ಹೋಗಿ, ಆ ಕಾದಂಬರಿಯನ್ನು ಬರೆದವಳೇ ಮಾಲಿನಿ ಎಂಬಲ್ಲಿಗೆ ತಂದು ನಿಲ್ಲಿಸುತ್ತದೆ.

ನನ್ನ ಮಟ್ಟಿಗೆ ಕಾರ್ನಾಡರ ಬರವಣಿಗೆಯಲ್ಲಿ ಇದರಷ್ಟು ಮೈಮೇಲೆ ಬರುವ ನಾಟಕ ಇನ್ನೊಂದಿಲ್ಲ. ಆಳುಗಳ ಜೊತೆ ಕೂತು ಕಂಡ ಆಟ, ಯಾವುದೋ ಮನೆಯ ಮುದುಕಿ ಹೇಳಿ ರಾಮಾನುಜನ್ ಕೈಗೆ ಬಂದ ಕತೆ, ಸ್ಟ್ರಿಂಡ್‌ಬರ್ಗ್, ಕುರೊಸಾವಾ ಎಂದು ಬದುಕಿಡೀ ಕಂಡವರಿಂದ ಎತ್ತಿಕೊಂಡು ತನ್ನದಾಗಿಸಿಕೊಂಡವರು ಅವರು. ಎತ್ತಿಕೊಂಡದ್ದು ಎಲ್ಲಿಯವರೆಗೆ ಸ್ಫೂರ್ತಿ, ಎಲ್ಲಿಂದ ಕಳವು ಎಂಬ ಪ್ರಶ್ನೆಯನ್ನು ಕೊನೆಗೆ ಬೇರೆಯವರು ಕೇಳುವ ಮೊದಲು ತಾವೇ ರಂಗಕ್ಕೆ ತಂದರು. ಈ ನಾಟಕ ಆಡುವವರಿಗೆ ಒಂದು ಕಷ್ಟವೂ ಇದೆ. ಬಿಂಬದ ಮಾತುಗಳೆಲ್ಲ ಮೊದಲೇ ಚಿತ್ರೀಕರಣವಾಗಿರುತ್ತವೆ. ನಟಿ ತನ್ನದೇ ಮುಖದೊಂದಿಗೆ ಜಗಳ ಕಾಯುತ್ತ ಪ್ರತಿ ಉತ್ತರವನ್ನೂ ಅಳೆದಿಟ್ಟ ಜಾಗದೊಳಗೇ ಕೂರಿಸಬೇಕು. ಅವಳು ಒಂದು ಉಸಿರು ತಡೆದರೂ ಪರದೆಯ ಮೇಲಿನವಳು ಮುಂದಿನ ಪ್ರಶ್ನೆ ಕೇಳಿಬಿಟ್ಟಿರುತ್ತಾಳೆ.